ಸಾಲ ಮನ್ನಾಗೆ ಕಾದು ಕೂರದೆ ಪಿಟಿಎ ಓದಿನ ಸಾಲ ತೀರಿಸಿದ ನನ್ನ ಲೆಕ್ಕ

2023ರ ಆಗಸ್ಟ್ ಕೊನೇ ವಾರ, ಕೋವಿಡ್‌ನಿಂದ ನಿಂತಿದ್ದ ಬಡ್ಡಿ ಮತ್ತೆ ಶುರುವಾಗೋಕೆ ನಾಲ್ಕೈದು ದಿನ ಇರುವಾಗ, ನನ್ನ ಫೆಡರಲ್ ಸಾಲ (ಅಮೆರಿಕ ಸರ್ಕಾರ ಓದೋಕೆ ಕೊಡೋ ಸಾಲ) ಪೂರ್ತಿ ಕಟ್ಟಿ ಕೈ ತೊಳೆದುಕೊಂಡೆ. 14 ಸಾವಿರ ಡಾಲರ್ ಚಿಲ್ಲರೆ, ಒಂದೇ ಏಟಿಗೆ. ಕಮ್ಯುನಿಟಿ ಕಾಲೇಜಿನ (ಕಮ್ಮಿ ಫೀಸಿನ ಸ್ಥಳೀಯ ಸರ್ಕಾರಿ ಕಾಲೇಜು) ಪಿಟಿಎ ಡಿಗ್ರಿಯಿಂದ, ಅಂದರೆ ಫಿಸಿಕಲ್ ಥೆರಪಿಸ್ಟ್‌ಗೆ ಸಹಾಯಕನಾಗೋ ಡಿಗ್ರಿಯಿಂದ, ಹೊಟ್ಟೆ ತುಂಬಲ್ಲ ಅಂದವರು, ಹೇಗೂ ಮನ್ನಾ ಆಗುತ್ತೆ, ಸಾಲ ಕಟ್ಟೋಕೆ ಹೋಗಬೇಡ ಅಂದವರು, ಇಬ್ಬರಿಗೂ ಸೇರಿಸಿ ಇದನ್ನ ಬರೀತಿದ್ದೀನಿ. ಕೋರ್ಸಿನಲ್ಲಿ ಏನು ಕಲಿಸ್ತಾರೆ ಅನ್ನೋದಕ್ಕೆ ಹೋಗಲ್ಲ. ದುಡ್ಡಿನ ವಿಷಯ ಮಾತ್ರ ಹೇಳ್ತೀನಿ. ಅಂಕಿ ಎಲ್ಲಾ ನೆನಪಿನಿಂದ, ನೂರಿನ್ನೂರು ಆಚೀಚೆ ಇರಬಹುದು.

ನಾನು ಹಾಸನದ ಬಿಕಾಂ. ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೀತಿದ್ದೋನು. ಅಣ್ಣ ಅರ್ಜಿ ಹಾಕಿ 13 ವರ್ಷ ಆದಮೇಲೆ ಗ್ರೀನ್ ಕಾರ್ಡ್ ಬಂದು 2016ರಲ್ಲಿ ಹೆಂಡತಿ, ಮಗಳ ಜೊತೆ ಹ್ಯೂಸ್ಟನ್‌ಗೆ ಬಂದೆ. ಗ್ಯಾಸ್ ಸ್ಟೇಷನ್ ಕೌಂಟರಿನಲ್ಲಿ ನಿಂತು ನಿಂತು ಹಿಮ್ಮಡಿ ಬೇನೆ ಹತ್ತಿ ಥೆರಪಿಗೆ ಹೋದಾಗ, ನನ್ನ ಕಾಲು ತಿರುಗಿಸುತ್ತಿದ್ದ ಹುಡುಗ ತಾನು ಪಿಟಿಎ ಅಂದ. ಎರಡು ವರ್ಷದ ಡಿಗ್ರಿ ಅಂದ. ಮನೆಗೆ ಬಂದು ಹೇಳಿದರೆ ಅಣ್ಣ, "ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿಯೋ ಅಂದ್ರೆ ಕೈಕಾಲು ಒತ್ತೋ ಕೆಲಸಕ್ಕೆ ಹೋಗ್ತೀಯಲ್ಲೋ! ಅದಕ್ಕೊಂದು ಡಿಗ್ರಿ ಬೇರೆ ಕೇಡು" ಅಂದ. ಆಗ ನನಗೆ 36.

ಒಂದು ಪ್ರೈವೇಟ್ ಕಾಲೇಜು ಇದೇ ಡಿಗ್ರಿಗೆ 48 ಸಾವಿರ ಹೇಳಿತು. ಸೀಟು ಖಾತ್ರಿ, ನಾಳೆನೇ ಸೇರಿಕೊಳ್ಳಿ ಅಂತ ದಿನಾ ಫೋನು. ಕಮ್ಯುನಿಟಿ ಕಾಲೇಜಿನಲ್ಲಿ ಪ್ರೀರೆಕ್ವಿಸಿಟ್ (ಸೀಟಿಗೆ ಮುಂಚೆ ಮುಗಿಸಬೇಕಾದ ವಿಷಯಗಳು), ಪುಸ್ತಕ, ಯೂನಿಫಾರ್ಮ್, ಇನ್ಶೂರೆನ್ಸ್ ಎಲ್ಲಾ ಸೇರಿ 10 ಸಾವಿರದೊಳಗೆ ಮುಗೀತು. ಅದೂ ಇನ್-ಡಿಸ್ಟ್ರಿಕ್ಟ್ ರೇಟಿನಲ್ಲಿ, ಅಂದರೆ ಕಾಲೇಜಿನ ಗಡಿಯೊಳಗೆ ವಾಸ ಮಾಡೋರಿಗೆ ಇರೋ ಕಮ್ಮಿ ಫೀಸಿನಲ್ಲಿ. ನಮ್ಮ ಅಪಾರ್ಟ್‌ಮೆಂಟ್ ಗಡಿಯಿಂದ ಮೂರು ಮೈಲಿ ಆಚೆಗಿತ್ತು. ಮನೆ ಬದಲಾಯಿಸಿದೆ. ಬಾಡಿಗೆ ತಿಂಗಳಿಗೆ 60 ಡಾಲರ್ ಜಾಸ್ತಿಯಾಯ್ತು, ಅದನ್ನ ಕಳೆದರೂ ಫೀಸಿನಲ್ಲಿ ಸಾವಿರದ ಮೇಲೆ ಉಳೀತು. ಆದರೆ ಅನಾಟಮಿ ಎರಡನೇ ಭಾಗದಲ್ಲಿ ಬಿ ಗ್ರೇಡ್ ಬಂದಿದ್ದಕ್ಕೆ ಮೊದಲ ಸಲ ಸೀಟು ಸಿಗಲಿಲ್ಲ. 24 ಸೀಟಿಗೆ ನಾನು 31ನೆಯವನು. ಒಂದು ವರ್ಷ ಮಣ್ಣುಪಾಲು.

2019ರ ಶರತ್ಕಾಲದಲ್ಲಿ ಸೀಟು ಸಿಕ್ಕಿತು. ಫೀಸು ಕಮ್ಮಿ ಇದ್ದರೂ ಸಾಲ ಯಾಕಾಯ್ತು ಅಂತ ಕೇಳ್ತಾರೆ. ಸಾಲ ಆಗಿದ್ದು ಫೀಸಿಗಲ್ಲ, ಊಟಕ್ಕೆ. ಕ್ಲಿನಿಕಲ್ (ರೋಗಿಗಳ ಜೊತೆ ಮಾಡೋ ತರಬೇತಿ) ವಾರಕ್ಕೆ 40 ಗಂಟೆ, ಸಂಬಳ ಸೊನ್ನೆ. ಹೆಂಡತಿಯ ಡೇ-ಕೇರ್ ಸಂಬಳ ಬಾಡಿಗೆಗೇ ಸರಿಹೋಗ್ತಿತ್ತು. ಪೆಲ್ ಗ್ರಾಂಟ್ (ಕಮ್ಮಿ ಆದಾಯದವರಿಗೆ ಓದೋಕೆ ಸರ್ಕಾರ ಕೊಡೋ ಸಹಾಯಧನ) ಸ್ವಲ್ಪ ಬಂತು. ಉಳಿದಿದ್ದಕ್ಕೆ ಫೆಡರಲ್ ಸಾಲ 14 ಸಾವಿರ, ಕ್ರೆಡಿಟ್ ಕಾರ್ಡ್ 6 ಸಾವಿರ, ಅಣ್ಣನ ಹತ್ತಿರ 4 ಸಾವಿರ. ಅಣ್ಣನ ಸಾಲಕ್ಕೆ ಬಡ್ಡಿ ಇರಲಿಲ್ಲ, ಬೈಗುಳ ಇತ್ತು.

ಎಲ್ಲಕ್ಕಿಂತ ದುಬಾರಿ ಬಿದ್ದದ್ದು ಪರೀಕ್ಷೆ. 2021ರ ಜುಲೈನಲ್ಲಿ ಲೈಸೆನ್ಸಿಗೆ ಬೇಕಾದ ಎನ್‌ಪಿಟಿಇ ಪರೀಕ್ಷೆ ಬರೆದೆ. 600 ಬೇಕು, 584 ಬಂತು. ಫೀಸು 485 ಡಾಲರ್ ಹೋಯ್ತು ಅಂತ ಎಲ್ಲರೂ ಕನಿಕರ ತೋರಿಸಿದರು. ನಿಜವಾದ ನಷ್ಟ ಅದಲ್ಲ. ಪಿಟಿಎಗೆ ಪರೀಕ್ಷೆ ವರ್ಷಕ್ಕೆ ನಾಲ್ಕೇ ಸಲ, ಹಾಗಾಗಿ ಅಕ್ಟೋಬರ್‌ವರೆಗೆ ಕಾಯಬೇಕು. ಆ ಮೂರು ತಿಂಗಳು ಗಂಟೆಗೆ 14 ಡಾಲರಿನಂತೆ ರಿಹ್ಯಾಬ್ ಟೆಕ್ (ಲೈಸೆನ್ಸ್ ಇಲ್ಲದ ಕೈಯಾಳು) ಆಗಿ ಹಾಟ್ ಪ್ಯಾಕ್ ಬಿಸಿ ಮಾಡ್ತಿದ್ದೆ. ಲೈಸೆನ್ಸ್ ಇದ್ದಿದ್ದರೆ ಸಿಗ್ತಿದ್ದುದಕ್ಕೂ ಅದಕ್ಕೂ ಆರೇಳು ಸಾವಿರದ ವ್ಯತ್ಯಾಸ. ನಾಪಾಸಾದವರು ಪುಸ್ತಕದ ಖರ್ಚಿಗೆ ಹಿಂದೆಮುಂದೆ ನೋಡಬೇಡಿ.

ಪಾಸಾಗಿ ಕೆಲಸ ಹುಡುಕೋ ಹೊತ್ತಿಗೆ 2022ರ ಜನವರಿ. ಅದೇ ತಿಂಗಳಿಂದ ಪಾರ್ಟ್ ಬಿ ಥೆರಪಿಯಲ್ಲಿ (ಆಸ್ಪತ್ರೆಗೆ ದಾಖಲಾಗದೆ ಪಡೆಯೋ ಥೆರಪಿ) ಪಿಟಿಎ ಕೈಯಿಂದ ಆದದ್ದಕ್ಕೆ, ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಮಾಮೂಲಿ ದರದ 85 ಪರ್ಸೆಂಟ್ ಮಾತ್ರ ಕೊಡೋಕೆ ಶುರು ಮಾಡ್ತು. ಔಟ್‌ಪೇಷಂಟ್ ಕ್ಲಿನಿಕ್‌ಗಳು ಗಂಟೆಗೆ 23 ಡಾಲರಿಗಿಂತ ಮೇಲೆ ಬರಲೇ ಇಲ್ಲ. ಒಂದು ಸ್ನಿಫ್‌ನಲ್ಲಿ (ಆಸ್ಪತ್ರೆಯಿಂದ ಬಂದವರು ಉಳಿದು ಆರೈಕೆ, ಥೆರಪಿ ಪಡೆಯೋ ನರ್ಸಿಂಗ್ ಕೇಂದ್ರ) 27ಕ್ಕೆ ಸೇರಿದೆ. ಪ್ರೊಡಕ್ಟಿವಿಟಿ 90 ಪರ್ಸೆಂಟ್, ಅಂದರೆ ಕೆಲಸದ ಹೊತ್ತಿನಲ್ಲಿ ಅಷ್ಟು ಪಾಲು ರೋಗಿಗಳ ಥೆರಪಿಗೇ ಹೋಗಬೇಕು. ಕಾಗದದ ಮೇಲೆ 40 ಗಂಟೆ, ಕೈಗೆ ಸಿಕ್ಕಿದ್ದು 31. ಸೆನ್ಸಸ್ (ಒಳಗಿರೋ ರೋಗಿಗಳ ಸಂಖ್ಯೆ) ಇಳಿದ ದಿನ ಬೆಳಿಗ್ಗೆ 7ಕ್ಕೇ ಮೆಸೇಜ್: ಇವತ್ತು ಬರಬೇಡಿ. ಸರ್ಕಾರದ ಅಂಕಿಯಲ್ಲಿ 2021ಕ್ಕೆ ಪಿಟಿಎಗಳ ನಡುಮಟ್ಟದ ಸಂಬಳ 61 ಸಾವಿರ ಚಿಲ್ಲರೆ. ನನ್ನದು 43. ಕೋರ್ಸ್ ಸೇರೋ ಮುಂಚೆ ಆ ಅಂಕಿ ನೋಡಿ 12ರಿಂದ ಭಾಗಿಸಿ ಖುಷಿಪಡೋರು ಈ 31 ಗಂಟೆಯನ್ನ ನೆನಪಿಟ್ಟುಕೊಳ್ಳಿ.

ಅಲ್ಲಿದ್ದಾಗ ಒಂದು ಆಟ ಆಡಿದೆ, ಸಾಲಕ್ಕೂ ಇದಕ್ಕೂ ಸಂಬಂಧ ಇಲ್ಲ. ಸೊಂಟದ ಮೂಳೆ ಮುರಿದಿದ್ದ ಒಬ್ಬಜ್ಜಿ ಪ್ಯಾರಲಲ್ ಬಾರ್ (ಹಿಡಿದು ನಿಲ್ಲೋ ಜೋಡಿ ಸರಳು) ಹತ್ತಿರ ಎರಡು ನಿಮಿಷ ನಿಂತರೆ ಹೆಚ್ಚು, ಸಾಕು ಅಂತ ಕೂತುಬಿಡೋರು. ಹಾರ್ಡ್‌ವೇರ್ ಅಂಗಡಿಯಿಂದ ಮರದ ಕೋಲು ತಂದು ಕುಯ್ದು ಕೋಲಾಟ ಶುರು ಮಾಡಿದೆ. ಮೊದಲು ಕೂತು, ಆಮೇಲೆ ಗೇಟ್ ಬೆಲ್ಟ್ (ಬೀಳದ ಹಾಗೆ ಹಿಡಿಯೋಕೆ ಸೊಂಟಕ್ಕೆ ಕಟ್ಟೋ ಪಟ್ಟಿ) ಹಾಕಿ ನಿಲ್ಲಿಸಿ. ನಾನು ಅವರ ಎಡಕ್ಕೆ ಕೋಲು ಹಿಡಿದರೆ ಅವರು ಬಲಗೈಯಿಂದ ಎದೆ ದಾಟಿಸಿ ಹೊಡೀಬೇಕು. ವಾರದೊಳಗೆ ಆರು ನಿಮಿಷ ನಿಂತರು. ಗುರಿ ತಪ್ಪಿದ ಏಟು ಬಿದ್ದದ್ದು ನನ್ನ ಬೆರಳಿಗೇ. ನಮ್ಮ ಪಿಟಿ (ಫಿಸಿಕಲ್ ಥೆರಪಿಸ್ಟ್) ಅದನ್ನ ಪ್ಲ್ಯಾನ್ ಆಫ್ ಕೇರ್‌ಗೆ, ಅಂದರೆ ಅಜ್ಜಿಯ ಚಿಕಿತ್ಸೆಯ ಯೋಜನೆಗೆ ಸೇರಿಸಿದರು. ಮರ ಒರೆಸೋಕೆ ಆಗಲ್ಲ ಅಂತ ಇನ್‌ಫೆಕ್ಷನ್ ಕಂಟ್ರೋಲ್‌ನವರು ತಕರಾರು ತೆಗೆದಮೇಲೆ ಪಿವಿಸಿ ಪೈಪಿಗೆ ಬಂದೆವು. ಆ ಟಕ್ ಅನ್ನೋ ಸದ್ದು ಮಾತ್ರ ಹೋಯ್ತು.

43 ಸಾವಿರದಲ್ಲಿ ಸಾಲ ತೀರಲ್ಲ. ಶನಿವಾರ, ಭಾನುವಾರ ಹೋಮ್ ಹೆಲ್ತ್ (ರೋಗಿಗಳ ಮನೆಗೇ ಹೋಗಿ ಥೆರಪಿ ಕೊಡೋ ಕೆಲಸ) ಹಿಡಿದೆ, ವಿಸಿಟ್‌ಗೆ 48 ಡಾಲರ್. ಕೇಳೋಕೆ ಚೆನ್ನಾಗಿದೆ. ಹ್ಯೂಸ್ಟನ್‌ನ ಈ ಮೂಲೆಯಿಂದ ಆ ಮೂಲೆಗೆ ಓಡಿಸಿ, ರಾತ್ರಿ ಕೂತು ನೋಟ್ಸ್ ಬರೆದು ಲೆಕ್ಕ ಹಾಕಿದರೆ ಒಂದು ವಿಸಿಟ್‌ಗೆ ಒಂದೂ ಮುಕ್ಕಾಲು ಗಂಟೆ ಬೀಳ್ತಿತ್ತು. 2022ರ ಜೂನಿನಲ್ಲಿ ಪೆಟ್ರೋಲು ಗ್ಯಾಲನ್‌ಗೆ ನಾಲ್ಕೂವರೆ ದಾಟಿದಾಗ ಸ್ನಿಫ್‌ಗಿಂತ ಕಡೆಯಾಯ್ತು. ಆಮೇಲೆ ಎರಡೇ ಜಿಪ್ ಕೋಡ್‌ಗೆ ಸೀಮಿತ ಮಾಡಿಕೊಂಡೆ. ವಿಸಿಟ್ ಒಂದು ಗಂಟೆಗೆ ಇಳೀತು, ರೇಟು 55ಕ್ಕೆ ಏರಿತು. ಪಕ್ಕಪಕ್ಕದ ಮನೆಗಳೇ ನನಗೆ ಬರೋ ಹಾಗೆ ಶೆಡ್ಯೂಲರ್ ಹತ್ತಿರ ಏನು ಮಾತಾಡಿದೆ ಅನ್ನೋದನ್ನ ಬರೆಯಲ್ಲ. ಅದು ಹೊಟ್ಟೆಪಾಡಿನ ಗುಟ್ಟು.

ಒಂದು ಪೆಟ್ಟು ತಿಂದೆ. ಆ ಹೋಮ್ ಹೆಲ್ತ್ ದುಡ್ಡು 1099 ಫಾರಂನಲ್ಲಿ, ಅಂದರೆ ನೌಕರನ ಸಂಬಳವಾಗಿ ಅಲ್ಲ, ಗುತ್ತಿಗೆ ಲೆಕ್ಕದಲ್ಲಿ ಬರೋದು, ಟ್ಯಾಕ್ಸ್ ಹಿಡಿಯಲ್ಲ. 17 ಸಾವಿರ ದುಡಿದೆ ಅಂತ ಬೀಗಿದ್ದೆ. 2023ರ ಏಪ್ರಿಲ್‌ನಲ್ಲಿ 15.3 ಪರ್ಸೆಂಟ್ ಸೆಲ್ಫ್ ಎಂಪ್ಲಾಯ್‌ಮೆಂಟ್ ಟ್ಯಾಕ್ಸ್, ಇನ್‌ಕಮ್ ಟ್ಯಾಕ್ಸ್ ಎಲ್ಲಾ ಸೇರಿ 3 ಸಾವಿರದ ಮೇಲೆ ಕಟ್ಟಬೇಕಾಯ್ತು. ಟ್ಯಾಕ್ಸಿನಲ್ಲಿ ಖರ್ಚು ತೋರಿಸೋಕೆ ಬೇಕಾದ ಮೈಲೇಜ್ ಪುಸ್ತಕ (ಕಾರು ಓಡಿಸಿದ ಲೆಕ್ಕ) ಬೇರೆ ಇಟ್ಟಿರಲಿಲ್ಲ. ಹಳೇ ವಿಸಿಟ್ ನೋಟ್ಸಿನ ತಾರೀಖು, ವಿಳಾಸ ಹಿಡಿದು ಮೂರು ರಾತ್ರಿ ಕೂತು ಬರೆದೆ. ಗೊಬ್ಬರದಂಗಡಿ ಗುಮಾಸ್ತಿಕೆ ಅಲ್ಲಿ ಕೈಹಿಡೀತು.

ಇನ್ನು ಸಾಲ. 2020ರ ಮಾರ್ಚ್‌ನಿಂದ ಫೆಡರಲ್ ಸಾಲಕ್ಕೆ ಬಡ್ಡಿ ಸೊನ್ನೆ, ಕಂತೂ ಇಲ್ಲ. 2022ರ ಆಗಸ್ಟ್‌ನಲ್ಲಿ ಬೈಡನ್ 10 ಸಾವಿರ, ಪೆಲ್ ತಗೊಂಡವರಿಗೆ 20 ಸಾವಿರದವರೆಗೆ ಮನ್ನಾ ಅಂತ ಘೋಷಿಸಿದರು. ನನ್ನ ಬ್ಯಾಚಿನವರೆಲ್ಲಾ ಹಬ್ಬ ಮಾಡಿದರು. ಒಬ್ಬ ಆ ಧೈರ್ಯದಲ್ಲೇ ಟ್ರಕ್ ತಗೊಂಡ. ಅರ್ಜಿ ನಾನೂ ಹಾಕಿದೆ, ಯಾಕೆ ಬಿಡಲಿ? ಆದರೆ ಸಾಲ ಮನ್ನಾ ನೆಚ್ಚಿಕೊಂಡು ಕೂತು ಸೊಸೈಟಿ ಬಾಗಿಲು ಸವೆಸಿದವರನ್ನ ನಮ್ಮೂರಲ್ಲೇ ಬೇಕಾದಷ್ಟು ನೋಡಿದ್ದೀನಿ. ಹಾಗಂತ ಬಡ್ಡಿ ಇಲ್ಲದ ಸಾಲ ಮೊದಲೇ ಕಟ್ಟೋ ಪೆದ್ದನೂ ಅಲ್ಲ. ಕಾರ್ಡಿನ 6 ಸಾವಿರವನ್ನ 3 ಪರ್ಸೆಂಟ್ ಫೀ ಕೊಟ್ಟು 15 ತಿಂಗಳು ಬಡ್ಡಿಯಿಲ್ಲದ ಇನ್ನೊಂದು ಕಾರ್ಡಿಗೆ ದಾಟಿಸಿ, ಗಡುವಿನೊಳಗೆ ತೀರಿಸಿದೆ. ಫೆಡರಲ್ ಕಂತು ಅಂತ ತಿಂಗಳಿಗೆ ಐನೂರು ಬೇರೆ ಅಕೌಂಟಿಗೆ ಹಾಕ್ತಾ ಹೋದೆ. 2022ರ ಮೇನಲ್ಲಿ ಐ ಬಾಂಡ್ (ಸರ್ಕಾರದ ಉಳಿತಾಯ ಬಾಂಡ್) ಬಡ್ಡಿ 9.62 ಪರ್ಸೆಂಟ್ ಇತ್ತು, ಟ್ಯಾಕ್ಸ್ ರೀಫಂಡ್ ಸೇರಿಸಿ 5 ಸಾವಿರ ಅದಕ್ಕೆ ಹಾಕಿದೆ. ಒಂದು ವರ್ಷ ಮುಟ್ಟೋ ಹಾಗಿಲ್ಲ, ಐದು ವರ್ಷದೊಳಗೆ ತೆಗೆದರೆ ಮೂರು ತಿಂಗಳ ಬಡ್ಡಿ ಕಟ್. ಆದರೂ 400ರ ಹತ್ತಿರ ಬಂತು. ಸಾಲದ ದುಡ್ಡೇ ಬಡ್ಡಿ ದುಡಿದುಕೊಟ್ಟಿತು.

2023ರ ಜೂನ್ 30ಕ್ಕೆ ಸುಪ್ರೀಂ ಕೋರ್ಟ್ ಮನ್ನಾ ಹೊಡೆದುಹಾಕಿತು. ಬ್ಯಾಚಿನ ಗ್ರೂಪಿನಲ್ಲಿ ಅವತ್ತು ಸೂತಕದ ಮೌನ. ಆಗಸ್ಟ್‌ನಲ್ಲಿ ಬಾಂಡ್ ಮುರಿದೆ, ಅಕೌಂಟ್ ಬರಿದು ಮಾಡಿದೆ, ಕಟ್ಟಿದೆ. ಅಣ್ಣನಿಗೆ ಸ್ಕ್ರೀನ್‌ಶಾಟ್ ಕಳಿಸಿದರೆ, "ನನ್ನ 4 ಸಾವಿರ?" ಅಂತ ಕೇಳಿದ. ದೀಪಾವಳಿಗೆ ಅದನ್ನೂ ಕೊಟ್ಟೆ.

ಈಗ ಪೂರ್ತಿ ಹೋಮ್ ಹೆಲ್ತ್. ಹೋದ ವರ್ಷ 79 ಸಾವಿರ ಗ್ರಾಸ್. ಹೆಲ್ತ್ ಇನ್ಶೂರೆನ್ಸ್ ನಮ್ಮದೇ, ರಜೆ ಹಾಕಿದ ದಿನ ಸೊನ್ನೆ. ಬಂದ ಪ್ರತಿ ಚೆಕ್‌ನಲ್ಲಿ 30 ಪರ್ಸೆಂಟ್ ಟ್ಯಾಕ್ಸಿಗೆ ಅಂತ ಪಕ್ಕಕ್ಕೆ ಹೋಗುತ್ತೆ, ಮುಟ್ಟಲ್ಲ. ಕಾರಿನ ಮೀಟರು 1,62,000 ಮೈಲಿ ತೋರಿಸ್ತಿದೆ, ಮೂರನೇ ಗೇರಿಗೆ ಬೀಳುವಾಗ ಒಂದು ಗುದ್ದು ಕೊಡುತ್ತೆ. ಮೆಕ್ಯಾನಿಕ್ 3,800 ಹೇಳಿದ್ದಾನೆ. ಹೊಸ ಕಾರಿಗೆ ಸಾಲ ತಗೋ ಅಂತಿದ್ದಾನೆ ಅಣ್ಣ.