ಯರವಡಾದ ಗಲ್ಲಿಯಲ್ಲಿ ಸುಣ್ಣದ ಗೆರೆ

ನನ್ನ ಊರು ಕಲಬುರಗಿ ಕಡೆ. ಪುಣೆಯಲ್ಲಿ ಆರ್ಕಿಟೆಕ್ಟ್ ಆಗಿ ಕೆಲಸ ಹಿಡಿದ ಹೊಸದರಲ್ಲಿ ಅಲ್ಲಿನ ಯರವಡಾದ ವಸ್ತಿಗಳ, ಅಂದರೆ ಕೊಳೆಗೇರಿಗಳ, ಸರ್ವೆಗೆ ಹೋದೆ. ಕನ್ನಡ ಬರುತ್ತದೆ ಅಂತ ನಮ್ಮ ಕಡೆಯ ಜನ ಜಾಸ್ತಿ ಇದ್ದ ಗಲ್ಲಿಯನ್ನು ನನಗೇ ಒಪ್ಪಿಸಿದರು.

2005ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರದ ಜವಾಹರಲಾಲ್ ನೆಹರೂ ರಾಷ್ಟ್ರೀಯ ನಗರ ನವೀಕರಣ ಮಿಷನ್ ಶುರುವಾಗಿತ್ತು. ಅದರಲ್ಲಿ ನಗರದ ಬಡವರಿಗಾಗಿ ಬಿಎಸ್‌ಯುಪಿ ಅನ್ನುವ ಯೋಜನೆ ಇತ್ತು. ಎಷ್ಟೋ ಕಡೆ ಇಂಥ ದುಡ್ಡಿನಲ್ಲಿ ಊರಾಚೆ ಎತ್ತರದ ಕಟ್ಟಡ ಎಬ್ಬಿಸಿ ಜನರನ್ನು ಅಲ್ಲಿಗೆ ಸಾಗಿಸಿದರು. ಯರವಡಾದಲ್ಲಿ ಹಾಗೆ ಮಾಡಲಿಲ್ಲ. ಗಟ್ಟಿ ಮನೆಗಳನ್ನು ಮುಟ್ಟಲಿಲ್ಲ. ತಗಡಿನ ಮನೆಗಳನ್ನಷ್ಟೇ ಬಿಚ್ಚಿ, ಅದೇ ಗಲ್ಲಿಯಲ್ಲಿ 270 ಚದರಡಿಯ ಮನೆ ಕಟ್ಟಿದರು. ಕಲ್ಯಾಣಿ ನಗರ, ವಿಮಾನ್ ನಗರದ ಮನೆಗೆಲಸಕ್ಕೆ ನಡೆದೇ ಹೋಗುವ ಹೆಂಗಸರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ ಅಂತ ನಾನು ಈಗಲೂ ನಂಬುತ್ತೇನೆ. ಖರ್ಚಿನಲ್ಲಿ ಶೇಕಡ 10ರಷ್ಟು ಮನೆಯವರ ಪಾಲು. ಉಳಿತಾಯ ಗುಂಪು ನಡೆಸುತ್ತಿದ್ದ ಮಹಿಳಾ ಮಿಲನ್‌ನ ಹೆಂಗಸರು ಮನೆಮನೆಗೆ ಹೋಗಿ ಜನರನ್ನು ಒಪ್ಪಿಸುತ್ತಿದ್ದರು.

ಮೊದಲ ತೊಡಕು ಹೆಸರಿನದು. ಮನೆಯಲ್ಲಿ ನಾಗಮ್ಮ, ರೇಷನ್ ಕಾರ್ಡಿನಲ್ಲಿ ನಾಗಾಬಾಯಿ. ಊರಿನ ಕಾಗದದಲ್ಲಿ ಅಪ್ಪನ ಹೆಸರು, ಇಲ್ಲಿಯದರಲ್ಲಿ ಗಂಡನ ಹೆಸರು. ಇಬ್ಬರೂ ಒಬ್ಬರೇ ಅಂತ ತೋರಿಸಲು ಎಷ್ಟೋ ಭಾನುವಾರ ಕೂತು ಕಾಗದ ಜೋಡಿಸಿದೆ. ಒಪ್ಪಿಗೆ ಪತ್ರ ಮರಾಠಿಯಲ್ಲಿತ್ತು. ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿ, ಆಮೇಲೇ ಹೆಬ್ಬೆಟ್ಟು ಹಾಕಿಸುತ್ತಿದ್ದೆ.

ನಿಜವಾದ ಕಷ್ಟ ಜಾಗದ್ದು. ಒಂದು ಗುಡಿಸಲಿಗೆ 135 ಚದರಡಿ ಜಾಗ ಇದ್ದರೆ ಎರಡು ಅಂತಸ್ತಿನಲ್ಲಿ ಲೆಕ್ಕ ಕೂಡುತ್ತದೆ. ಅದಕ್ಕಿಂತ ಚಿಕ್ಕದಾದರೆ ಅಕ್ಕಪಕ್ಕದವರು ಜಾಗ ಕೂಡಿಸಿ, ಒಬ್ಬರ ಮೇಲೊಬ್ಬರು ಇರಬೇಕು. ಯಾರು ಕೆಳಗೆ, ಯಾರು ಮೇಲೆ? ನಾನು ಆಫೀಸಿನಲ್ಲಿ ಕೂತು ಅದನ್ನು ನಾನೇ ತೀರ್ಮಾನಿಸಿಬಿಟ್ಟೆ. ಅದು ನನ್ನ ತಪ್ಪು.

ನಕ್ಷೆ ಹರಡಿದಾಗ ಎಲ್ಲರೂ ತಲೆಯಾಡಿಸಿದರು. ಆದರೆ ಯಾರಿಗೂ ಅರ್ಥವಾಗಿರಲಿಲ್ಲ. ಮರುದಿನ ಗಲ್ಲಿಯ ಬಯಲಲ್ಲಿ ಸುಣ್ಣದ ಪುಡಿಯಿಂದ ಅಳತೆಗೆ ಸರಿಯಾಗಿ ಗೆರೆ ಎಳೆದೆವು. ಗೋಡೆ, ಒಲೆ ಕಟ್ಟೆ, ಸಂಡಾಸು, ಮೆಟ್ಟಿಲು. ಜನ ಗೆರೆಯೊಳಗೆ ನಿಂತು ನೋಡಿದರು. ಒಬ್ಬರು ಮಂಚವನ್ನೇ ತಂದು ಇಟ್ಟರು. ಸೊಪ್ಪಿನ ಬುಟ್ಟಿ ಹೊರುತ್ತಿದ್ದ ಒಬ್ಬ ಅಜ್ಜಿ ಮೆಟ್ಟಿಲಿನ ಗೆರೆಯ ಮುಂದೆ ನಿಂತು, "ತಮ್ಮಾ, ಬುಟ್ಟಿ ಹೊತ್ಕೊಂಡು ಇದನ್ನ ಹ್ಯಾಂಗ ಹತ್ಲಿ?" ಅಂದರು. ನಾನು ಅವರನ್ನು ಮೇಲಿನ ಮನೆಗೆ ಹಾಕಿದ್ದೆ. ನನಗೆ ಉತ್ತರ ಹೊಳೆಯಲಿಲ್ಲ.

ಪರಿಹಾರ ಹೇಳಿದವರು ಪಕ್ಕದ ಮರಾಠಿ ಮನೆಯವರು. ಗಂಡ ಹೆಂಡತಿ ಇಬ್ಬರೂ ಸಣ್ಣ ವಯಸ್ಸಿನವರು. "ನಾವು ಮೇಲೆ ಹೋಗ್ತೀವಿ, ಆದರೆ ಬಟ್ಟೆ ಒಣಗಿಸಲು ಮಾಳಿಗೆ ನಮಗಿರಲಿ" ಅಂದರು. ಅಜ್ಜಿ ಒಪ್ಪಿದರು, ತಾವೂ ಒಂದು ಬೇಡಿಕೆ ಇಟ್ಟರು. ನೀರು ಬರುವುದು ಬೆಳಗ್ಗೆ ಸ್ವಲ್ಪ ಹೊತ್ತು ಮಾತ್ರ. ಡ್ರಮ್ ಇಡಲು, ಸಂಜೆ ಕೂತು ಸೊಪ್ಪು ಬಿಡಿಸಲು ಬಾಗಿಲ ಮುಂದೆ ಎರಡಡಿ ಕಟ್ಟೆ ಬೇಕು. ಮೆಟ್ಟಿಲನ್ನು ಪಕ್ಕಕ್ಕೆ ತಿರುಗಿಸಿ ಆ ಎರಡಡಿ ಹುಡುಕಿದೆ. ಆಮೇಲೆ ಸುಣ್ಣದ ಗೆರೆ ಎಳೆಯದೆ ಯಾವ ಮನೆಯ ನಕ್ಷೆಯನ್ನೂ ಮುಗಿಸಲಿಲ್ಲ. ದಿನ ಜಾಸ್ತಿ ಹಿಡಿಯಿತು, ಆಫೀಸಿನ ಮೇಲಧಿಕಾರಿಗಳು ಬೈದರು. ಮನೆ ಕಟ್ಟಿದ ಮೇಲೆ ಗೋಡೆ ಒಡೆಸುವುದಕ್ಕಿಂತ ಅದು ಮೇಲು, ಅಲ್ವಾ?

ಕಟ್ಟುವಾಗ ಇಡೀ ಗಲ್ಲಿಯನ್ನು ಒಟ್ಟಿಗೆ ಒಡೆಯಲಿಲ್ಲ. ನಾಲ್ಕೈದು ಮನೆ ಎದ್ದ ಮೇಲೆ ಮುಂದಿನವು. ಮನೆ ಬಿಚ್ಚಿದವರು ಅಲ್ಲೇ ನೆಂಟರ ಮನೆಯಲ್ಲೋ ಹತ್ತಿರದ ಬಾಡಿಗೆ ಖೋಲಿಯಲ್ಲೋ ಇದ್ದರು.

ಒಂದು ನೋವು ಮಾತ್ರ ಹಾಗೇ ಇದೆ. ಆ ಗಲ್ಲಿಯಲ್ಲಿ ಬಾಡಿಗೆಗಿದ್ದ ಮೂರು ಕುಟುಂಬಗಳು ಯಾವ ಪಟ್ಟಿಯಲ್ಲೂ ಬರಲಿಲ್ಲ. ಮೂರೂ ಯಾದಗಿರಿ ಕಡೆಯ ಗಾರೆ ಕೆಲಸದವರು. ಗುಡಿಸಲು ಅವರ ಹೆಸರಿನಲ್ಲಿ ಇರಲಿಲ್ಲ, ಅದಕ್ಕೆ ಮನೆಯೂ ಸಿಗಲಿಲ್ಲ. ಪಕ್ಕದ ಮನೆಗಳ ಗೋಡೆ ಎಬ್ಬಿಸಿದ್ದು ಅವರೇ. ಕೆಲಸ ಮುಗಿದ ತಿಂಗಳಲ್ಲೇ ಗಲ್ಲಿ ಬಿಟ್ಟು ಹೋದರು. ಈಗ ಎಲ್ಲೇ ಸರ್ವೆಗೆ ಹೋದರೂ ಬಾಡಿಗೆದಾರರ ಹೆಸರನ್ನು ಮೊದಲು ಬರೆದುಕೊಳ್ಳುತ್ತೇನೆ. ಫಾರಂನಲ್ಲಿ ಅದಕ್ಕೆ ಜಾಗ ಇಲ್ಲದಿದ್ದರೆ ಹಿಂದಿನ ಪುಟದಲ್ಲಿ ಬರೆಯುತ್ತೇನೆ.