ಒಂದಡಿ ಮಣ್ಣಿನ ಮಾದರಿಯಿಂದ ಹನ್ನೆರಡು ಅಡಿ ಮೂರ್ತಿಗೆ

ಹಾಸನದ ನನ್ನ ಶೆಡ್ಡಿಗೆ ಕೆಲಸ ಕಲಿಯಲು ಬರುವ ಹುಡುಗರು ಮೊದಲು ಕೇಳುವುದು, "ಸಾರ್, ದೊಡ್ಡ ಮೂರ್ತಿ ಯಾವಾಗ ಮಾಡೋದು?" ಮಾಡೋಣ. ಅದಕ್ಕೂ ಮೊದಲು ಒಂದು ದಿನ ಶ್ರವಣಬೆಳಗೊಳಕ್ಕೆ ಹೋಗಿ ವಿಂಧ್ಯಗಿರಿ ಹತ್ತಿ ಬನ್ನಿ. ಗೊಮ್ಮಟನ ಮುಖ ಎಲ್ಲರೂ ನೋಡುತ್ತಾರೆ, ನೀವು ಕಾಲು ನೋಡಿ. ಅಕ್ಕಪಕ್ಕ ಹುತ್ತ ಕೆತ್ತಿದ್ದಾರಲ್ವಾ? ತೊಡೆಯವರೆಗೆ ಆ ಮೂರ್ತಿಗೆ ಆಸರೆ ಅದೇ. ಅಲ್ಲಿಂದ ಮೇಲೆ 58 ಅಡಿಯ ತುದಿವರೆಗೂ ಏನೂ ಆಸರೆಯಿಲ್ಲ. ಸಾವಿರ ವರ್ಷದಿಂದ ಹಾಗೇ ನಿಂತಿದೆ.

ಈಗ ಲೆಕ್ಕ. ಒಂದಡಿ ಮಾದರಿಯನ್ನು 12 ಅಡಿ ಮಾಡಿದರೆ ಎತ್ತರ 12 ಪಟ್ಟು. ಗಟ್ಟಿ ಮೂರ್ತಿಯಾದರೆ ತೂಕ ಮಾತ್ರ 1728 ಪಟ್ಟು! ಕಣಕಾಲನ್ನು ಅಡ್ಡ ಕೊಯ್ದರೆ ಕಾಣುವ ವಿಸ್ತೀರ್ಣ ಹೆಚ್ಚುವುದು ಬರೀ 144 ಪಟ್ಟು. ಅಂದರೆ ಕಣಕಾಲಿನ ಒಂದೊಂದು ಚದರ ಇಂಚಿಗೂ 12 ಪಟ್ಟು ಜಾಸ್ತಿ ಭಾರ. ಮಾದರಿಯಲ್ಲಿ ಚೆಂದ ಕಂಡ ತೆಳ್ಳನೆ ಕಾಲು ಇಲ್ಲಿ ನಿಲ್ಲುವುದಿಲ್ಲ. ಸೀರೆಯ ನೆರಿಗೆಯನ್ನೋ ಮರದ ಬೊಡ್ಡೆಯನ್ನೋ ನೆಲದವರೆಗೆ ಇಳಿಸಿ, ಒಳಗೆ ಕಂಬಿ ಕೊಡಿ.

ಬ್ರಿಟನ್ನಿನ ಶಿಲ್ಪಿ ಆಂಟನಿ ಗಾರ್ಮ್ಲಿ ಅವರ ಉಕ್ಕಿನ ಮೂರ್ತಿ 'ಏಂಜೆಲ್ ಆಫ್ ದಿ ನಾರ್ತ್' ನನಗೆ ತುಂಬ ಇಷ್ಟ. 1998ರಲ್ಲಿ ಗೇಟ್ಸ್‌ಹೆಡ್‌ನಲ್ಲಿ ನಿಲ್ಲಿಸಿದ್ದು. ಎತ್ತರ 20 ಮೀಟರ್, ರೆಕ್ಕೆ ಹರವು 54 ಮೀಟರ್, ತೂಕ 200 ಟನ್. ಅಷ್ಟಗಲದ ರೆಕ್ಕೆಗೆ ಗಾಳಿ ಹೊಡೆದರೆ ಹೇಗೆ? ಆಧಾರದ ಪಟ್ಟಿಗಳನ್ನು ಅವರು ಒಳಗೆ ಬಚ್ಚಿಡಲಿಲ್ಲ, ಮೈಮೇಲೇ ಪಕ್ಕೆಲುಬಿನ ಹಾಗೆ ಎಬ್ಬಿಸಿದರು. ಬುಡದ ಕಾಂಕ್ರೀಟ್ ಕಂಬಗಳು 20 ಮೀಟರ್ ಆಳಕ್ಕೆ ಇಳಿದಿವೆ. ಎಷ್ಟು ಎತ್ತರವೋ ಅಷ್ಟೇ ಆಳ! ಗಾರ್ಮ್ಲಿ ಆ ರೂಪ ತೆಗೆದದ್ದು ತಮ್ಮದೇ ಮೈಯ ಅಚ್ಚಿನಿಂದ. ಹುತ್ತವೂ ಪಕ್ಕೆಲುಬೂ ಒಂದೇ ಜಾತಿಯ ಯೋಚನೆ. ಆಸರೆಯೇ ಅಂದವಾಗಿದೆ.

ಇನ್ನು ನೋಟ. ಚಿಕ್ಕಮಗಳೂರು ಕಡೆಯ ಒಂದು ಸರ್ಕಲ್ಲಿಗೆ ನಾನು ಮಾಡಿದ ಮೊದಲ ಮೂರ್ತಿ 9 ಅಡಿಯದು. ಶೆಡ್ಡಿನಲ್ಲಿ ಅಟ್ಟಣಿಗೆ ಮೇಲೆ ನಿಂತು, ಮುಖಕ್ಕೆ ಮುಖ ಕೊಟ್ಟು ತಿದ್ದಿದ್ದೆ. ಕಟ್ಟೆ ಮೇಲೆ ಏರಿಸಿದಾಗ ಹೊಟ್ಟೆ, ಎದೆ ಮುಂದೆ ಬಂದು ತಲೆ ಚಿಕ್ಕದಾಗಿ ಹೋಯಿತು. ಕಣ್ಣಂತೂ ಕಾಣಲೇ ಇಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಅಂದಿನಿಂದ ಹೀಗೆ ಮಾಡುತ್ತೇನೆ. 12 ಅಡಿ ಮೂರ್ತಿಯಾದರೆ ಎಲ್ಲ ಅಳತೆಯನ್ನೂ ಹನ್ನೆರಡರಲ್ಲೊಂದು ಪಾಲಿಗೆ ಇಳಿಸುತ್ತೇನೆ. ಕಟ್ಟೆ 8 ಅಡಿಯಾದರೆ ಮಾದರಿಯನ್ನು 8 ಇಂಚಿನ ಮಣೆ ಮೇಲೆ ಇಡುತ್ತೇನೆ. ಜನ 24 ಅಡಿ ದೂರದಿಂದ ನೋಡುವ ಜಾಗವಾದರೆ ಎರಡಡಿ ಹಿಂದೆ, ನೆಲದಿಂದ ಐದೂವರೆ ಇಂಚು ಎತ್ತರದಲ್ಲಿ ಮೊಬೈಲ್ ಕ್ಯಾಮೆರಾ ಹಿಡಿಯುತ್ತೇನೆ. ದಾರಿಹೋಕನ ಕಣ್ಣಿಗೆ ಏನು ಕಾಣುತ್ತದೋ ಅದೇ ಪರದೆ ಮೇಲೆ ಬರುತ್ತದೆ. ಅದನ್ನು ನೋಡಿಕೊಂಡೇ ತಲೆಯನ್ನು ಸ್ವಲ್ಪ ಹಿಗ್ಗಿಸಿ, ಮುಂದಕ್ಕೆ ಬಾಗಿಸಿ, ಕಣ್ಣಿನ ಗುಳಿ ಆಳ ಮಾಡಿ. ಮುಖಕ್ಕೆ ಮುಖ ಕೊಟ್ಟು ನೋಡಿದಾಗ ವಿಚಿತ್ರ ಕಂಡರೂ ಹೆದರಬೇಡಿ.

ಮಾದರಿಯಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ದೊಡ್ಡದರಲ್ಲಿ 12 ಮಿಲಿಮೀಟರ್. ಅದಕ್ಕೇ ಮಧ್ಯೆ ಮೂರಡಿಯದೊಂದು ಮಾಡಿಕೊಳ್ಳಿ. ಪೊಳ್ಳು ಮೂರ್ತಿಯಾದರೆ ಪಾದದ ಹತ್ತಿರ ನೀರು ಇಳಿಯಲು ತೂತು ಬಿಡಿ. ನಮ್ಮ ಮಲೆನಾಡಿನ ಮಳೆ ಎಲ್ಲಿಂದಾದರೂ ಒಳಗೆ ಬಂದೇ ಬರುತ್ತದೆ.