ಸೆಲ್ ಇಳಿದಾಗ ಏರಿದ ಶ್ರುತಿ

ಅಮ್ಮನ ಅಪ್ಪ ತಾಳಮದ್ದಳೆ ಭಾಗವತರು. ಅವರು ಹಾಡಿದ ಒಂದೇ ಒಂದು ಕ್ಯಾಸೆಟ್ ಮನೆಯಲ್ಲಿ ಉಳಿದಿತ್ತು, 90 ನಿಮಿಷದ್ದು. ಮೊದಲ ಬದಿಯನ್ನು ಕಂಪ್ಯೂಟರಿಗೆ 48 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 48 ಸಾವಿರ ಸ್ಯಾಂಪಲ್, ಅಂದರೆ ಸದ್ದನ್ನು ಅಳೆದ ಚುಕ್ಕಿ) ಇಳಿಸಿ ಅಮ್ಮನಿಗೆ ಕೇಳಿಸಿದೆ. ಅರ್ಧ ಗಂಟೆ ಸುಮ್ಮನೆ ಕೇಳಿದರು. ಆಮೇಲೆ, "ಇದು ಅಪ್ಪನ ಸ್ವರ ಅಲ್ಲ ಮಾರಾಯ, ಯಾರೋ ಹುಡುಗ ಹಾಡಿದ ಹಾಗೆ ಉಂಟು" ಅಂದರು.

ಡೆಕ್ ಕೆಟ್ಟಿರಬೇಕು ಅಂದುಕೊಂಡೆ. ಬೇರೆ ಕ್ಯಾಸೆಟ್ ಹಾಕಿದರೆ ಸರಿಯಾಗೇ ಇತ್ತು. ತಾಳಮದ್ದಳೆಯಲ್ಲಿ ಒಂದು ಅನುಕೂಲ ಇದೆ. ಶ್ರುತಿಪೆಟ್ಟಿಗೆ ಹಿಂದೆ ಬಿಡದೆ ನುಡಿಯುತ್ತಿರುತ್ತದೆ. ಅಜ್ಜನದು ಕಪ್ಪು ಒಂದು (ಹಾರ್ಮೋನಿಯಂನ ಮೊದಲ ಕಪ್ಪು ಮನೆ), ಅಂದರೆ ಸುಮಾರು 277 ಹರ್ಟ್ಸ್. ಅಡಾಸಿಟಿ ಎಂಬ ಧ್ವನಿ ತಿದ್ದುವ ಸಾಫ್ಟ್‌ವೇರಿನಲ್ಲಿ ಸದ್ದಿನ ಕಂಪನಾಂಕ ತೋರಿಸುವ ಪ್ಲಾಟ್ ಸ್ಪೆಕ್ಟ್ರಮ್‌ನಲ್ಲಿ ಸೈಜ್ (ಒಂದು ಸಲಕ್ಕೆ ನೋಡುವ ಸ್ಯಾಂಪಲ್) 65536 ಇಟ್ಟು ಅಲ್ಲಲ್ಲಿ ಎರಡೆರಡು ಸೆಕೆಂಡಿನ ತುಂಡು ಅಳೆದೆ. ಶುರುವಿನಲ್ಲಿ 277. ಮೂವತ್ತನೇ ನಿಮಿಷಕ್ಕೆ 280. ನಲವತ್ತಕ್ಕೆ 292, ಹೆಚ್ಚುಕಡಿಮೆ ಬಿಳಿ ಎರಡು! ಅಲ್ಲಿ 'ಟಕ್' ಅಂತ ಸದ್ದು. ಅದು ಕಳೆದದ್ದೇ ಮತ್ತೆ 277.

ಆಗ ಗೊತ್ತಾಯಿತು. ರೆಕಾರ್ಡ್ ಮಾಡುವಾಗ ಸೆಲ್ ಇಳಿಯುತ್ತಾ ಟೇಪು ನಿಧಾನ ಓಡಿದೆ. ಅದನ್ನೇ ಈಗ ಸರಿಯಾದ ವೇಗದಲ್ಲಿ ಓಡಿಸಿದರೆ ಸ್ವರ ಏರುತ್ತದೆ. 'ಟಕ್' ಅಂದಾಗ ಯಾರೋ ಪುಣ್ಯಾತ್ಮರು ಹೊಸ ಸೆಲ್ ಹಾಕಿದ್ದಾರೆ.

ಇಡೀ ಬದಿಗೆ ಒಂದೇ ವೇಗ ಕೊಟ್ಟರೆ ಆಗುವುದಿಲ್ಲ ಅಲ್ವಾ? ಹಾಗಾಗಿ ರೀಪರ್ ಎಂಬ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಪ್ಲೇರೇಟ್ ಎನ್ವಲಪ್, ಅಂದರೆ ಅಲ್ಲಲ್ಲಿಗೆ ಬೇಕಾದ ಹಾಗೆ ವೇಗ ಬದಲಿಸುವ ಗೆರೆ, ತೆರೆದೆ. ಅಳೆದ ಕಡೆಯೆಲ್ಲ ಒಂದೊಂದು ಚುಕ್ಕಿ ಇಟ್ಟೆ. 292 ಇರುವಲ್ಲಿ 277 ಭಾಗಿಸು 292, ಅಂದರೆ 0.949. 'ಟಕ್'ಗೆ ಮುಂಚಿನ ಹತ್ತು ನಿಮಿಷಕ್ಕೆ ಚುಕ್ಕಿ ಜಾಸ್ತಿ ಬೇಕಾಯಿತು, ಸೆಲ್ ಸಾಯುವಾಗ ಬೇಗ ಸಾಯುತ್ತದೆ. ಮೊದಲ ಸಲ ಪ್ರಿಸರ್ವ್ ಪಿಚ್ (ವೇಗ ಬದಲಾದರೂ ಶ್ರುತಿ ಹಾಗೇ ಇಡುವ) ಗುರುತು ತೆಗೆಯಲು ಮರೆತಿದ್ದೆ. ಶ್ರುತಿ ಏರಿದಲ್ಲೇ ಇತ್ತು, ಲಯ ಮಾತ್ರ ನಿಧಾನ ಆಯಿತು, ಚೆಂಡೆಯ ಒಂದು ಪೆಟ್ಟು ಎರಡಾಗಿ ಕೇಳಿಸಿತು.

ಗುರುತು ತೆಗೆದ ಮೇಲೆ ಅಜ್ಜನ ಸ್ವರ ಬಂತು. ಆದರೆ ಚಕ್ರತಾಳ ಮಂಕು, ಜೊತೆಗೆ ಮರಳು ಉಜ್ಜಿದ ಹಾಗೆ ಒಂದು ಕರಕರ. ತಪ್ಪು ನನ್ನದೇ. ಹಳೇ ಲ್ಯಾಪ್‌ಟಾಪಿಗೆ ಭಾರ ಆಗಬಾರದು ಅಂತ ರೀಸ್ಯಾಂಪಲ್ ಮೋಡನ್ನು ಲೀನಿಯರ್‌ಗೆ ಇಟ್ಟಿದ್ದೆ, ರೆಂಡರ್ ಮಾಡುವಾಗಲೂ (ಕೊನೆಯ ಫೈಲು ಬರೆಸುವಾಗಲೂ) ಹಾಗೇ ಬಿಟ್ಟಿದ್ದೆ. ವೇಗ ಬದಲಿಸಿದರೆ ಎರಡು ಸ್ಯಾಂಪಲ್‌ಗಳ ನಡುವಿನ ಬೆಲೆಯನ್ನು ಸಾಫ್ಟ್‌ವೇರ್ ಲೆಕ್ಕ ಹಾಕಬೇಕು. ಲೀನಿಯರ್ ಅಂದರೆ ಅಕ್ಕಪಕ್ಕದ ಎರಡು ಚುಕ್ಕಿಗೆ ಗೆರೆ ಎಳೆದು ಕೈತೊಳೆದುಕೊಂಡ ಹಾಗೆ. ಸಿಂಕ್ (sinc) ಎಂಬ ಇನ್ನೊಂದು ಮೋಡ್ ಆಚೀಚೆ ನೂರಾರು ಸ್ಯಾಂಪಲ್ ನೋಡುತ್ತದೆ.

ಕಿವಿಯನ್ನೇ ನಂಬದೆ ಒಂದು ಪರೀಕ್ಷೆ ಮಾಡಿದೆ. 20 ಕಿಲೋಹರ್ಟ್ಸ್ ತನಕ ಏರುವ ಸೈನ್ ಸ್ವೀಪ್ (ತಗ್ಗಿನಿಂದ ಮೇಲಕ್ಕೆ ಜಾರುವ ಒಂದೇ ಸ್ವರ) ಮಾಡಿ ಒಂದೂವರೆ ಪಟ್ಟು ವೇಗದಲ್ಲಿ ರೆಂಡರ್ ಮಾಡಿ ಸ್ಪೆಕ್ಟ್ರೋಗ್ರಾಮ್ (ಹೊತ್ತು ಹೋದ ಹಾಗೆ ಕಂಪನಾಂಕ ತೋರಿಸುವ ಚಿತ್ರ) ನೋಡಿದೆ. ಲೀನಿಯರ್‌ನಲ್ಲಿ 30ಕ್ಕೆ ಏರಬೇಕಿದ್ದ ಗೆರೆ 24ರ ಮಾಡಿಗೆ (48ರ ಅರ್ಧ, ಫೈಲು ಹಿಡಿಯಬಲ್ಲ ಮೇಲಿನ ಮಿತಿ) ಬಡಿದು ಚೆಂಡಿನ ಹಾಗೆ 18ರ ತನಕ ಕೆಳಗೆ ಬಂತು. 768 ಪಾಯಿಂಟ್ ಸಿಂಕ್‌ನಲ್ಲಿ ಮಾಡು ಮುಟ್ಟುವ ಹೊತ್ತಿಗೆ ಗೆರೆಯೇ ಮಾಯ. ನನಗೆ ಬೇಕಿದ್ದದ್ದು ವೇಗ ಇಳಿಸುವುದು, ಏರಿಸುವುದಲ್ಲ, ನಿಜ. ಆದರೂ ಯಾವುದು ಕೆಲಸಗಳ್ಳ ಅಂತ ಗೊತ್ತಾಗಲು ಅಷ್ಟು ಸಾಕು.

ಮೂಲ ಫೈಲಿನಿಂದಲೇ ಮತ್ತೆ ಒಂದೇ ಸಲ ರೆಂಡರ್ ಮಾಡಿದೆ. ತಿದ್ದಿದ್ದನ್ನೇ ಮತ್ತೆ ತಿದ್ದುತ್ತಾ ಹೋಗಲಿಲ್ಲ. ಅಮ್ಮ ಪೂರ್ತಿ ಕೇಳಿದರು. ಸ್ವರದ ಸುದ್ದಿಯೇ ಎತ್ತಲಿಲ್ಲ. "ಚೆಂಡೆಗೆ ಕೂತದ್ದು ಯಾರು?" ಅಂತ ಕೇಳಿದರು.